ಶಾರ್ಜಾಕ್ಕೆ ಹೋಗುವಾಗ ಬೇಗ, ಬರುವಾಗ ತಡ ಏಕೆ?

ಪ್ರಶ್ನೆ: ಮಗನನ್ನು ನೋಡಲು ಕೊಯಮತ್ತೂರಿನಿಂದ ಶಾರ್ಜಾಕ್ಕೆ ಹೊರಟಿದ್ದೇನೆ. ಟಿಕೆಟಿನಲ್ಲಿರುವ ಹೊತ್ತು ನೋಡಿದರೆ ಹೋಗಲು ಎರಡೂವರೆ ಗಂಟೆ, ಬರಲು ಐದೂವರೆ ಗಂಟೆ. ದಾರಿ ಒಂದೇ ಅಲ್ಲವೇ? ಭೂಮಿ ಪೂರ್ವಕ್ಕೆ ತಿರುಗುವುದರಿಂದ ಹೀಗಾಗುತ್ತದೆಯೇ?
– ಓದುಗರು, ತಿರುಪ್ಪೂರು

ಉತ್ತರ: ಭೂಮಿಯ ಮೇಲೆ ತಪ್ಪು ಹೊರಿಸಬೇಡಿ. ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಶಾರ್ಜಾದ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹೋಗುವ ಲೆಕ್ಕಕ್ಕೆ ಒಂದೂವರೆ ಕೂಡಿಸಿ, ಬರುವ ಲೆಕ್ಕದಲ್ಲಿ ಒಂದೂವರೆ ಕಳೆಯಿರಿ. ಎರಡೂ ಹೆಚ್ಚುಕಡಿಮೆ ನಾಲ್ಕು ಗಂಟೆಗೇ ಬಂದು ನಿಲ್ಲುತ್ತವೆ. ಎರಡು ಊರುಗಳ ನಡುವೆ ಸುಮಾರು 21.5 ಡಿಗ್ರಿ ರೇಖಾಂಶದ ಅಂತರ. ಡಿಗ್ರಿಗೆ 4 ನಿಮಿಷದಂತೆ 86 ನಿಮಿಷ. ಸೂರ್ಯ ಒಪ್ಪುವ ಲೆಕ್ಕಕ್ಕೂ ಸರಕಾರಗಳ 90 ನಿಮಿಷಕ್ಕೂ ಇಲ್ಲಿ ಜಗಳವೇ ಇಲ್ಲ.

ಭೂಮಿ ತಿರುಗುವಾಗ ಅದರ ಗಾಳಿಯೂ ಜೊತೆಗೇ ತಿರುಗುತ್ತದೆ, ವಿಮಾನ ಹಾರುವುದು ಆ ಗಾಳಿಯಲ್ಲಿ. ಕೋವೈ ಎಕ್ಸ್‌ಪ್ರೆಸ್ಸಿನಲ್ಲಿ ಕಾಫಿ ಮಾರುವವನು ಎಂಜಿನ್ ಕಡೆಗೆ ನಡೆದರೂ ಗಾರ್ಡ್ ಕಡೆಗೆ ನಡೆದರೂ ಒಂದು ಬೋಗಿ ದಾಟಲು ಅಷ್ಟೇ ಹೊತ್ತು ತಾನೇ?

ಹತ್ತಿಪ್ಪತ್ತು ನಿಮಿಷದ ವ್ಯತ್ಯಾಸ ಮಾತ್ರ ನಿಜ. ಅದು ಮೇಲಿನ ಗಾಳಿಯ ಕೆಲಸ. ಚಳಿಗಾಲದಲ್ಲಿ ಅರೇಬಿಯಾದ ಕಡೆ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದ ಗಾಳಿ ಜೋರು. ಹೀಗಾಗಿ ಟಿಕೆಟಿನಲ್ಲಿ ಉದ್ದವಾಗಿ ಕಾಣುವ ನಿಮ್ಮ ವಾಪಸು ಪಯಣವೇ ನಿಜಕ್ಕೂ ಚಿಕ್ಕದು! ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ ಆ ಎತ್ತರದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ. ಈ ವೇಗದ ಗಾಳಿಯನ್ನು 1950ರ ದಶಕದಲ್ಲಿ ವಿವರಿಸಿದವರು ನಮ್ಮವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ.

ಇನ್ನು ದೂರ. ಬನಿಯನ್ ಊರಿನವರು, ನೂಲಿಗೆ ಬರವಿಲ್ಲ. ಒಂದೆಳೆ ತೆಗೆದುಕೊಂಡು ಗ್ಲೋಬಿನ ಮೇಲೆ ಕೊಯಮತ್ತೂರಿನಿಂದ ಶಾರ್ಜಾಕ್ಕೆ ಬಿಗಿಯಾಗಿ ಎಳೆಯಿರಿ. ಅದೇ ಅತಿ ಹತ್ತಿರದ ದಾರಿ, ಸುಮಾರು 2,770 ಕಿ.ಮೀ. ಗಂಟೆಗೆ 830 ಕಿ.ಮೀ. ವೇಗದಲ್ಲಿ ಇದು ಮೂರು ಗಂಟೆ ಇಪ್ಪತ್ತು ನಿಮಿಷ. ರನ್‌ವೇವರೆಗೆ ತೆವಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಉಳಿದದ್ದನ್ನು ನುಂಗುತ್ತವೆ. ನೂಲು ಕೈಯಲ್ಲಿರುವಾಗಲೇ ನ್ಯೂಯಾರ್ಕಿಗೂ ಎಳೆದು ನೋಡಿ. ಗೋಡೆಯ ನಕ್ಷೆಯಲ್ಲಿ ಗೆರೆ ಸಹಾರಾ ಮರುಭೂಮಿಯ ಮೇಲೆ ಹೋಗುತ್ತದೆ. ನೂಲು ಮಾತ್ರ ಉತ್ತರಕ್ಕೆ ಬಾಗಿ, ನಾರ್ವೆಗೂ ಐಸ್‌ಲ್ಯಾಂಡಿಗೂ ನಡುವಿನ ಸಮುದ್ರದ ಮೇಲಿಂದ ಅಮೆರಿಕಕ್ಕೆ ಇಳಿಯುತ್ತದೆ. ಅದು ಸುಮಾರು 13,500 ಕಿ.ಮೀ. ಮೊದಲ ಸಲ ನೋಡಿದಾಗ ನಾನೂ ನೂಲು ಜಾರಿತೆಂದೇ ತಿಳಿದಿದ್ದೆ.

ತಿರುಪ್ಪೂರಿನಿಂದ ಅವಿನಾಶಿ ರಸ್ತೆಯಲ್ಲಿ ವಿಮಾನ ನಿಲ್ದಾಣಕ್ಕೆ ನಲವತ್ತು ಚಿಲ್ಲರೆ ಕಿ.ಮೀ. ಇದೆ. ವಿದೇಶಕ್ಕೆ ಹೋಗುವವರು ಮೂರು ಗಂಟೆ ಮೊದಲೇ ಅಲ್ಲಿರಬೇಕು, ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಶಾರ್ಜಾದಲ್ಲಿ ಇಳಿದ ಮೇಲೆ ಕೈಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ. ಮೊಬೈಲು ತಾನಾಗಿಯೇ ತಿರುಗಿಸಿಕೊಳ್ಳುತ್ತದೆ.