ನಿಂಬೆಯ ಚಿಟ್ಟೆಯೂ ಅದರ ಸಹಜ ಸೀಮೆಯೂ

ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ತೋಟದ ಬದಿಯಲ್ಲಿಯೂ ಮನೆಯ ಹಿತ್ತಿಲಿನಲ್ಲಿಯೂ ನಿಂಬೆ, ಕರಿಬೇವುಗಳನ್ನು ಬೆಳೆಸುವುದುಂಟು. ಅವುಗಳ ಸುತ್ತ ಹಾರಾಡುವ ಕಪ್ಪು ಹಳದಿ ಬಣ್ಣದ ಚೆಲುವಾದ ಚಿಟ್ಟೆಯನ್ನು ನೋಡದವರು ವಿರಳ. ಎಳೆಯ ಸಸಿಗಳನ್ನು ಬರಿದುಮಾಡುವ ಹುಳುವು ಇದರ ಮರಿಯೇ ಎಂಬುದನ್ನು ಭೂಮಾಲಿಕರು ತಿಳಿದಿರತಕ್ಕದ್ದು ಅವಶ್ಯಕ.

ಗುರುತು.— ರೆಕ್ಕೆಗಳನ್ನು ಚಾಚಿದಾಗ ಇದರ ಅಗಲವು ೩ ರಿಂದ ೪ ಅಂಗುಲ. ಕಪ್ಪು ರೆಕ್ಕೆಗಳ ಮೇಲೆ ಹಳದಿ ಮಚ್ಚೆಗಳೂ, ಹಿಂದಿನ ರೆಕ್ಕೆಯ ಒಳಮೂಲೆಯಲ್ಲಿ ಇಟ್ಟಿಗೆಗೆಂಪಿನ ಬೊಟ್ಟೂ ಇರುತ್ತವೆ. ಲಿನ್ನೇಯಸ್ ಎಂಬ ಪಂಡಿತನು ೧೭೫೮ ರಲ್ಲಿ ಇದನ್ನು ಪ್ಯಾಪಿಲಿಯೊ ಡೆಮೋಲಿಯಸ್ ಎಂದು ಹೆಸರಿಸಿದನು.

ಸಹಜ ಸೀಮೆ.— ಅರೇಬಿಯ, ಇರಾನ್ ದೇಶಗಳಿಂದ ಮೊದಲ್ಗೊಂಡು ಭಾರತ, ಶ್ರೀಲಂಕಾ, ದಕ್ಷಿಣ ಚೀನಾಗಳನ್ನು ವ್ಯಾಪಿಸಿ ಆಸ್ಟ್ರೇಲಿಯದವರೆಗೂ ಇದು ಹಬ್ಬಿದೆ. ಆಸ್ಟ್ರೇಲಿಯದಲ್ಲಿ ಇದರ ಹುಳುಗಳು ನಿಂಬೆಯನ್ನು ಬಿಟ್ಟು ಬಾವಂಚಿಯ ಬಳಗದ ಗಿಡಗಳನ್ನು ತಿನ್ನುವುವು. ಅಮೆರಿಕ ಖಂಡಗಳ ಕಡೆ ಮೊದಲು ಇಲ್ಲದ ಈ ಚಿಟ್ಟೆಯು ೨೦೦೪ ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಕಾಣಿಸಿಕೊಂಡು, ಅನಂತರ ಪೋರ್ಟೊರಿಕೊ, ಜಮೈಕ, ಕ್ಯೂಬಾ ದ್ವೀಪಗಳಿಗೂ ಹರಡಿತು. ಅಲ್ಲಿಗೆ ಇದು ಹೊಸ ಪೀಡೆ. ನಮ್ಮಲ್ಲಿಯಾದರೋ, ಇದರ ಮೊಟ್ಟೆ, ಹುಳು, ಕೋಶಗಳೊಳಗೆ ತಮ್ಮ ಮೊಟ್ಟೆಯಿಟ್ಟು ನಾಶಮಾಡುವ ಸಣ್ಣ ಕಣಜಗಳು ಹಿಂದಿನಿಂದಲೂ ಇವೆ. ಇವು ರೈತನಿಗೆ ಕೂಲಿಯಿಲ್ಲದ ಆಳುಗಳು.

ಜೀವನಕ್ರಮ.— ಹೆಣ್ಣು ಚಿಟ್ಟೆಯು ಎಳೆಯ ಚಿಗುರಿನ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿಯು ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ಶತ್ರುಗಳ ಕಣ್ಣು ತಪ್ಪಿಸಿಕೊಳ್ಳುತ್ತದೆ. ಬೆಳೆದ ಹುಳುವು ಹಸುರಾಗಿದ್ದು, ಕೆಣಕಿದರೆ ತಲೆಯ ಹಿಂದಿನಿಂದ ಕವಲುಳ್ಳ ಕೊಂಬನ್ನು ಚಾಚಿ ಕಟುವಾದ ವಾಸನೆಯನ್ನು ಬೀರುತ್ತದೆ. ಎರಡು ಮೂರು ವಾರ ಎಲೆ ತಿಂದು ಕೋಶವಾಗಿ, ಬಳಿಕ ಚಿಟ್ಟೆಯಾಗುತ್ತದೆ.

ನಿವಾರಣೋಪಾಯ.— ದೊಡ್ಡ ಮರವು ಕೆಲವು ಎಲೆಗಳ ನಷ್ಟವನ್ನು ತಾಳಬಲ್ಲದು. ಸಸಿಮಡಿಯ ಗಿಡವೂ ಹೊಸದಾಗಿ ನೆಟ್ಟ ಗಿಡವೂ ತಾಳಲಾರವು. ಆದುದರಿಂದ ಚಿಗುರಿನ ಕಾಲದಲ್ಲಿ ವಾರಕ್ಕೆ ಎರಡು ಸಲ ಸಸಿಗಳನ್ನು ನೋಡಿ, ಹುಳುಗಳನ್ನು ಕೈಯಿಂದ ಆರಿಸಿ ಸಾಬೂನಿನ ನೀರಿಗೆ ಹಾಕತಕ್ಕದ್ದು. ಹಾವಳಿ ಮಿತಿಮೀರಿದರೆ, ಅರ್ಧ ಕಿಲೋ ಬೇವಿನ ಬೀಜದ ತಿರುಳನ್ನು ಪುಡಿಮಾಡಿ ೧೦ ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಸಂಜೆ ಸಿಂಪಡಿಸಬಹುದು. ಇಡೀ ತೋಟಕ್ಕೆ ಘೋರ ವಿಷವನ್ನು ಹೊಡೆದರೆ ಮೇಲೆ ಹೇಳಿದ ಕಣಜಗಳೂ ಸತ್ತು, ಮುಂದಿನ ಚಿಗುರಿಗೆ ಕಾವಲಿಲ್ಲದಂತಾಗುವುದು.

ಊರಿಗೆ ಹೊರಗಿನಿಂದ ನಿಂಬೆಯ ಸಸಿಗಳು ಬಂದಾಗ, ನೆಡುವುದಕ್ಕೆ ಮೊದಲು ಎಲೆಗಳ ಎರಡು ಮಗ್ಗುಲುಗಳನ್ನೂ ಪರೀಕ್ಷಿಸುವಂತೆ ಗ್ರಾಮದ ಮುಖಂಡರು ರೈತರಿಗೆ ತಿಳಿಯಹೇಳಬೇಕು.