ಇಂಗ್ಲಿಷ್ ಪಾಠ: ‘ಮಿಸ್ ದ ಬಸ್’

ಮುಂಬಯಿಯಲ್ಲಿ ಒಂದು ದಿನವಾದರೂ ಬಸ್ಸು ತಪ್ಪದ ಗುಮಾಸ್ತನಿಲ್ಲ. ಆದರೆ ಆ ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಮ್ಮವರಲ್ಲಿ ಹಲವರು ಎಡವುತ್ತಾರೆ. ಕನ್ನಡದಲ್ಲಿ ತಪ್ಪುವುದು ಬಸ್ಸು. ‘ನನಗೆ ಬಸ್ಸು ತಪ್ಪಿತು’ ಎನ್ನುತ್ತೇವೆ, ಮಾತಿನ ಭರದಲ್ಲಿ ‘ಬಸ್ಸು ಮಿಸ್ಸಾಯಿತು’ ಎನ್ನುವುದೂ ಉಂಟು. ಇಂಗ್ಲಿಷಿನಲ್ಲಾದರೋ ಕರ್ತೃ ಮನುಷ್ಯನೇ. ಆದುದರಿಂದ ‘ದ ಬಸ್ ಮಿಸ್ಡ್’ ಎನ್ನಬಾರದು. ‘ಐ ಮಿಸ್ಡ್ ದ ಬಸ್’ ಎನ್ನಬೇಕು. ‘ಲಾಸ್ಟ್ ದ ಬಸ್’ ಎಂಬುದೂ ಸಲ್ಲದು. ಕೊಡೆಯಂತೆ ಕಳೆದುಕೊಳ್ಳಲು ಬಸ್ಸು ನಮ್ಮ ಸ್ವತ್ತಲ್ಲವಷ್ಟೆ!

ಇದು ನೇರವಾದ ಅರ್ಥ. ಇಲ್ಲಿ ‘ಮೈ ಬಸ್’ ಎನ್ನಬಹುದು, ಎಂಟೂವರೆಯ ಬಸ್ಸೆಂದು ಹೊತ್ತನ್ನೂ ಹೇಳಬಹುದು. ಲಾಕ್ಷಣಿಕವಾಗಿ ಬಳಸಿದಾಗ ಅಲ್ಲಿ ಬಸ್ಸೇ ಇಲ್ಲ. ಒದಗಿ ಬಂದ ಅವಕಾಶವನ್ನು ತಡಮಾಡಿ ಕೈಬಿಟ್ಟನೆಂದು ಅರ್ಥ. ಆಗ ‘ದ ಬಸ್’ ಎಂದಷ್ಟೇ ಬರೆಯಬೇಕು. ‘ದ ಬಸ್ ಆಫ್ ಪ್ರಮೋಷನ್’ ಎಂದು ಅದಕ್ಕೆ ಬಾಲ ಹಚ್ಚುವುದು ಬೇಡ.

ಬ್ರಿಟನ್ನಿನ ಪ್ರಧಾನಿ ಚೇಂಬರ್ಲೇನರು 1940ರ ಏಪ್ರಿಲ್ 4ರಂದು ಮಾಡಿದ ಭಾಷಣದಲ್ಲಿ, ಹಿಟ್ಲರನಿಗೆ ಬಸ್ಸು ತಪ್ಪಿತೆಂದು ಇದೇ ಮಾತಿನಲ್ಲಿ ಸಾರಿದರು. ದಾಳಿಗೆ ಅನುಕೂಲವಾದ ಕಾಲವನ್ನು ಅವನು ಕಳೆದುಕೊಂಡನೆಂದು ಅವರ ಭಾವ. ಐದೇ ದಿನಗಳಲ್ಲಿ ಹಿಟ್ಲರನ ಸೈನ್ಯ ಡೆನ್ಮಾರ್ಕ್ ಮತ್ತು ನಾರ್ವೆಗಳ ಮೇಲೆ ಬಿದ್ದಿತು. ಮೇ ತಿಂಗಳಲ್ಲಿ ಪಾರ್ಲಿಮೆಂಟಿನ ಸದಸ್ಯರು ಅದೇ ಮಾತನ್ನು ಕೂಗಿ ಅವರನ್ನು ಹಂಗಿಸಿದರು. 10ರಂದು ಅವರು ಪದವಿ ಬಿಟ್ಟರು.

ಚುಚ್ಚಲು ಈ ಮಾತು ಒದಗುವುದಕ್ಕೆ ಕಾರಣವುಂಟು. ಬಸ್ಸು ತಪ್ಪಿಸಿಕೊಂಡವನ ಮೇಲೆಯೇ ಅದು ತಪ್ಪು ಹೊರಿಸುತ್ತದೆ. ಅರ್ಜಿ ಬರೆಯುವವರು ಇದನ್ನು ಚೆನ್ನಾಗಿ ನೆನಪಿಡಬೇಕು. ಬಡ್ತಿಯ ಪರೀಕ್ಷೆಗೆ ಒಬ್ಬರು ವೇಳೆಗೆ ಸರಿಯಾಗಿ ಅರ್ಜಿ ಕೊಟ್ಟಿದ್ದಾರೆ. ಕಚೇರಿಯವರು ಅದನ್ನು ಮೇಲಕ್ಕೆ ಕಳುಹಿಸಲೇ ಇಲ್ಲ ಎಂದುಕೊಳ್ಳಿ. ಆಗ ಮನವಿಯಲ್ಲಿ ‘ಐ ಮಿಸ್ಡ್ ದ ಬಸ್’ ಎಂದು ಅಲಂಕಾರ ಮಾಡಿದರೆ, ತಡಮಾಡಿದ್ದು ತಾವೇ ಎಂದು ಸಹಿ ಹಾಕಿ ಒಪ್ಪಿಕೊಂಡಂತಾಗುತ್ತದೆ. ಅಲ್ಲಿ ಬೇಕಾದುದು ನೇರವಾದ ಮಾತು: ‘ಐ ಅಪ್ಲೈಡ್ ಇನ್ ಟೈಮ್, ಬಟ್ ಮೈ ಅಪ್ಲಿಕೇಷನ್ ವಾಸ್ ನಾಟ್ ಫಾರ್ವರ್ಡೆಡ್.’ ಅರ್ಜಿ ಕೊಟ್ಟ ತಾರೀಖನ್ನೂ ಸ್ವೀಕೃತಿಯ ನಂಬರನ್ನೂ ಕೆಳಗೆ ಕಾಣಿಸಿರಿ.

ಗೆಳೆಯರೊಳಗೆ ಈ ನುಡಿಗಟ್ಟನ್ನು ಧಾರಾಳವಾಗಿ ಆಡಬಹುದು. ಮೇಲಧಿಕಾರಿಗಳ ಎದುರಿಗೆ ‘ಯು ಹ್ಯಾವ್ ಮಿಸ್ಡ್ ದ ಬಸ್, ಸರ್’ ಎನ್ನುವ ಸಾಹಸ ಮಾತ್ರ ಬೇಡ, ಅವರಿಗೆ ನಿಜವಾಗಿಯೂ ಬಸ್ಸೇ ತಪ್ಪಿದ್ದರೂ ಕೂಡ.