ಎಲುಬಿನ ಗುಳಿಗೆ: ಲಾಭ ಎಷ್ಟು, ತೊಂದರೆ ಎಷ್ಟು?



ಗೆದ್ದಲು ತಿಂದ ತೊಲೆಯನ್ನು ನೀವು ನೋಡಿದ್ದೀರಿ. ಹೊರಗಿನಿಂದ ಗಟ್ಟಿ ಕಾಣುತ್ತದೆ. ಒಳಗೆ ಟೊಳ್ಳು. ಒಂದು ದಿನ ಸಣ್ಣ ಭಾರಕ್ಕೇ ಮುರಿಯುತ್ತದೆ. ನಮ್ಮ ಎಲುಬೂ ಹೀಗೆ ಆಗಬಹುದು. ಈ ರೋಗದ ಹೆಸರು ಆಸ್ಟಿಯೋಪೊರೋಸಿಸ್. ಎಲುಬು ಟೊಳ್ಳಾಗುವ ರೋಗ ಎನ್ನೋಣ.

ಎಲುಬು ಕಲ್ಲಲ್ಲ. ಅದಕ್ಕೆ ಜೀವ ಇದೆ. ದಿನಾ ಹಳೆಯ ಎಲುಬು ಸವೆಯುತ್ತದೆ, ಹೊಸದು ಕಟ್ಟುತ್ತದೆ. ವಯಸ್ಸಾದಂತೆ ಸವೆತ ಹೆಚ್ಚು, ಕಟ್ಟುವುದು ಕಡಿಮೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಸವೆತ ಇನ್ನೂ ಬೇಗ. ಎಲುಬನ್ನು ಕಾಯುವ ಈಸ್ಟ್ರೋಜನ್ ಆಗ ಮೈಯಲ್ಲಿ ಕಡಿಮೆ ಆಗುತ್ತದೆ. ಗಂಡಸರಿಗೂ ಈ ರೋಗ ಬರುತ್ತದೆ. ಸ್ಟೀರಾಯಿಡ್ ಗುಳಿಗೆ ಬಹಳ ದಿನ ತಗೊಂಡವರಿಗೂ ಬರುತ್ತದೆ.

ಎಲುಬು ಮುರಿಯುವವರೆಗೆ ನೋವೇ ಇರುವುದಿಲ್ಲ. ಹೆಚ್ಚಾಗಿ ಮುರಿಯುವುದು ಮಣಿಕಟ್ಟು, ಬೆನ್ನೆಲುಬು ಮತ್ತು ಸೊಂಟದ ಕೀಲು. ಸೊಂಟ ಮುರಿದರೆ ಎಷ್ಟೋ ಹಿರಿಯರು ಮೊದಲಿನಂತೆ ನಡೆಯುವುದಿಲ್ಲ. ಕೆಲವರು ಹಾಸಿಗೆಯಿಂದ ಏಳುವುದೇ ಇಲ್ಲ.

ಅಜ್ಜಿಯ ಅಂಜಿಕೆ

ನಮ್ಮ ಮಾಳಮಡ್ಡಿಯ ಒಬ್ಬ ಅಜ್ಜಿ ಹೀಗೆ ಕೇಳಿದರು:

“ಅಂಗಳದಾಗ ಜಾರಿ ಬಿದ್ದೆ, ಕೈ ಮುರೀತು. ಡಾಕ್ಟರು ವಾರಕ್ಕೊಂದು ಗುಳಿಗಿ ಬರಕೊಟ್ಟಾರ. ತಗೊಂಡ್ರ ಎದಿ ಉರೀತದ. ಬಾಜೂ ಮನಿಯಾಕಿ ‘ದವಡಿ ಎಲುಬು ಕೊಳೀತದ’ ಅಂದ್ಲು. ಅಂಜಿ ಬಿಟ್ಟುಬಿಟ್ಟೆ. ಖರೇ ಏನ್ರಿ?”

ಅಜ್ಜಿಯ ಅಂಜಿಕೆ ಸುಳ್ಳಲ್ಲ. ಆದರೆ ತಕ್ಕಡಿಗೆ ಎರಡು ತಟ್ಟೆ. ಒಂದೇ ತಟ್ಟೆ ನೋಡಿದರೆ ತೂಕ ತಿಳಿಯುವುದಿಲ್ಲ. ನಾವು ಎರಡನ್ನೂ ನೋಡೋಣ.

ಮೊದಲ ತಟ್ಟೆ: ಲಾಭ

ಈ ಗುಳಿಗೆಯ ಹೆಸರು ಅಲೆಂಡ್ರೊನೇಟ್. ಇದು ಎಲುಬಿನ ಸವೆತವನ್ನು ನಿಧಾನ ಮಾಡುತ್ತದೆ. ಅಮೆರಿಕದ ಒಂದು ಪರೀಕ್ಷೆಯ ಫಲ 1996ರಲ್ಲಿ ಪ್ರಕಟವಾಯಿತು. ಅದರಲ್ಲಿ 2,027 ಹೆಂಗಸರು ಇದ್ದರು. ಎಲ್ಲರಿಗೂ ಬೆನ್ನೆಲುಬು ಮೊದಲೇ ಮುರಿದಿತ್ತು. ಸುಮಾರು ಅರ್ಧ ಮಂದಿಗೆ ನಿಜ ಗುಳಿಗೆ, ಉಳಿದವರಿಗೆ ಔಷಧ ಇಲ್ಲದ ಗುಳಿಗೆ ಕೊಟ್ಟರು. ಸುಮಾರು 3 ವರ್ಷ ನೋಡಿದರು.

ಔಷಧ ಇಲ್ಲದವರಲ್ಲಿ 100ಕ್ಕೆ 15 ಮಂದಿಗೆ ಬೆನ್ನೆಲುಬು ಮತ್ತೆ ಮುರಿಯಿತು. ಔಷಧ ತಗೊಂಡವರಲ್ಲಿ 100ಕ್ಕೆ 8 ಮಂದಿಗೆ. ಸೊಂಟ ಮುರಿದದ್ದು ಔಷಧ ಇಲ್ಲದವರಲ್ಲಿ 100ಕ್ಕೆ ಸುಮಾರು 2 ಮಂದಿಗೆ, ಔಷಧ ತಗೊಂಡವರಲ್ಲಿ ಸುಮಾರು 1.

ಲೆಕ್ಕ ಮಾಡಿರಿ: 15 – 8 = 7. ಅಂದರೆ 100 ಮಂದಿ ಗುಳಿಗೆ ತಗೊಂಡರೆ 7 ಮಂದಿಯ ಬೆನ್ನು ಉಳಿಯಿತು. ತಗೊಂಡರೂ 8 ಮಂದಿಗೆ ಮುರಿಯಿತು. ಉಳಿದ 85 ಮಂದಿಗೆ ಗುಳಿಗೆ ಇಲ್ಲದಿದ್ದರೂ ಮುರಿಯುತ್ತಿರಲಿಲ್ಲ. ಆದ್ದರಿಂದ ಗುಳಿಗೆ ಮಂತ್ರವಲ್ಲ. ಆದರೆ ನಿಷ್ಪ್ರಯೋಜಕವೂ ಅಲ್ಲ. ಎಲುಬು ಮೊದಲೇ ಮುರಿದವರಿಗೆ ಲಾಭ ಹೆಚ್ಚು. ಸ್ವಲ್ಪವೇ ತೆಳುವಾದವರಿಗೆ ಲಾಭ ಕಡಿಮೆ.

ಎರಡನೆಯ ತಟ್ಟೆ: ತೊಂದರೆ

ಎದೆ ಉರಿ, ಹೊಟ್ಟೆ ನೋವು ಹಲವರಿಗೆ ಆಗುತ್ತದೆ. ಗುಳಿಗೆ ಅನ್ನನಾಳದಲ್ಲಿ ನಿಂತರೆ ಅಲ್ಲಿ ಸುಡುತ್ತದೆ. ಅದಕ್ಕೇ ಈ ಕ್ರಮ:

1. ಬೆಳಿಗ್ಗೆ ಎದ್ದು, ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ.
2. ತುಂಬಿದ ಲೋಟ ಬರೀ ನೀರಿನ ಜೊತೆ ನುಂಗಿ. ಚಹಾ, ಹಾಲು ಬೇಡ. ಅಗಿಯಬೇಡಿ.
3. ಅರ್ಧ ತಾಸು ಏನೂ ತಿನ್ನಬೇಡಿ. ಕೂತಿರಿ, ಇಲ್ಲವೆ ಅಡ್ಡಾಡಿ. ಮಲಗಬೇಡಿ.
4. ಒಂದು ವಾರ ಮರೆತರೆ, ನೆನಪಾದ ಮರುದಿನ ಬೆಳಿಗ್ಗೆ ಒಂದೇ ತಗೊಳ್ಳಿ. ಒಂದೇ ದಿನ ಎರಡು ಬೇಡ.

ಕೇಳಿ ನೋಡಿದಾಗ, ಅಜ್ಜಿ ಗುಳಿಗೆಯನ್ನು ಚಹಾದ ಜೊತೆ ನುಂಗಿ ಮತ್ತೆ ಮಲಗುತ್ತಿದ್ದರು. ಈ ಕ್ರಮವನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ದವಡೆ ಎಲುಬು ಕೆಡುವುದು ನಿಜ. ಆದರೆ ಬಹಳ ಅಪರೂಪ. ಗುಳಿಗೆ ಒಂದು ವರ್ಷ ತಗೊಂಡ 10,000 ಮಂದಿಯಲ್ಲಿ ಒಬ್ಬರಿಗೆ, ಅಥವಾ ಇನ್ನೂ ಕಡಿಮೆ ಮಂದಿಗೆ, ಎಂದು ವೈದ್ಯರ ಅಂದಾಜು. ಹಲ್ಲು ಕೀಳಿಸುವ ಮೊದಲು ಹಲ್ಲಿನ ಡಾಕ್ಟರಿಗೆ ಗುಳಿಗೆಯ ವಿಷಯ ಹೇಳಿರಿ.

ತೊಡೆಯ ಎಲುಬು ತಾನಾಗಿ ಬಿರುಕು ಬಿಡುವುದೂ ಅಪರೂಪ. ಬಹಳ ವರ್ಷ ತಗೊಂಡವರಲ್ಲಿ ಅದು ಹೆಚ್ಚು. ತೊಡೆಯಲ್ಲಿ ಹೊಸ ನೋವು ಬಂದರೆ ತಡಮಾಡಬೇಡಿ, ತೋರಿಸಿ. ಈ ಕಾರಣಕ್ಕೇ ಸುಮಾರು 5 ವರ್ಷದ ಮೇಲೆ ವೈದ್ಯರು ಮತ್ತೆ ವಿಚಾರ ಮಾಡುತ್ತಾರೆ. ಕೆಲವರಿಗೆ ಗುಳಿಗೆಗೆ ಬಿಡುವು ಕೊಡುತ್ತಾರೆ.

ನುಂಗಲು ತ್ರಾಸು, ಮೂತ್ರಪಿಂಡದ ರೋಗ, ರಕ್ತದಲ್ಲಿ ಕ್ಯಾಲ್ಸಿಯಂ ಕೊರತೆ ಇದ್ದರೆ ಮೊದಲೇ ಹೇಳಿರಿ. ಬೇರೆ ಔಷಧಗಳೂ ಇವೆ. ಜೋಲೆಡ್ರೊನಿಕ್ ಆಸಿಡ್ ವರ್ಷಕ್ಕೊಮ್ಮೆ ರಕ್ತನಾಳದಲ್ಲಿ ಕೊಡುವ ಔಷಧ. ಕೊಟ್ಟ ಮೇಲೆ ಒಂದೆರಡು ದಿನ ಜ್ವರ, ಮೈನೋವು ಬರಬಹುದು. ಡೆನೋಸುಮಾಬ್ ಆರು ತಿಂಗಳಿಗೊಂದು ಸೂಜಿ. ಅದನ್ನು ತಾವೇ ಬಿಟ್ಟರೆ ಬೆನ್ನೆಲುಬು ಮುರಿಯುವ ಅಪಾಯ ಏರುತ್ತದೆ. ಕೇಳದೆ ಬಿಡಬಾರದು.

ಎರಡೂ ತಟ್ಟೆ ನೋಡಿ ಅಜ್ಜಿ ಅಂದರು: “ದವಡಿ ಅಂಜಿಕಿ ಸಣ್ಣದು, ಸೊಂಟದ ಅಂಜಿಕಿ ದೊಡ್ಡದು. ಡಾಕ್ಟರಿಗೆ ಎದಿ ಉರಿ ವಿಷಯ ಹೇಳಿ, ಮತ್ತ ಕೇಳತೀನಿ.” ಅದೇ ಸರಿಯಾದ ದಾರಿ. ಬೇರೊಬ್ಬರ ತಕ್ಕಡಿ ಬೇರೆ ತೂಗಬಹುದು.

ಗುಳಿಗೆ ಒಂದೇ ಸಾಲದು

ಹಾಲು, ಮೊಸರು, ಎಳ್ಳು, ರಾಗಿ, ನುಗ್ಗೆಸೊಪ್ಪು ತಿನ್ನಿ. ಬಿಸಿಲಿಗೆ ಮೈ ಒಡ್ಡಿ. ದಿನಾ ನಡೆಯಿರಿ. ತಂಬಾಕು ಬಿಡಿ. ಧಾರವಾಡದ ಮಳೆಗೆ ಅಂಗಳ ಪಾಚಿಗಟ್ಟುತ್ತದೆ. ತಿಕ್ಕಿ ತೊಳೆಯಿರಿ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ. ರಾತ್ರಿ ದೀಪ ಇರಲಿ. ಬೀಳದವರ ಎಲುಬು ಮುರಿಯುವುದು ಕಡಿಮೆ.

ಓದು ಬಂದವರಿಗೆ ಒಂದು ಕೆಲಸ ಇದೆ. ಗುಳಿಗೆಯ ಹೆಸರನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ತಗೊಳ್ಳುವ ವಾರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ರೊಕ್ಕದ ಚಿಂತೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಹೊಸ ಪದಗಳು: ಸವೆತ, ಮಣಿಕಟ್ಟು, ಅನ್ನನಾಳ, ದವಡೆ, ಅಪರೂಪ.

ಉತ್ತರ ಹೇಳಿರಿ:
1. ಮುಟ್ಟು ನಿಂತ ಮೇಲೆ ಎಲುಬು ಯಾಕೆ ಬೇಗ ಸವೆಯುತ್ತದೆ?
2. ಗುಳಿಗೆ ನುಂಗಿದ ಮೇಲೆ ಯಾಕೆ ಮಲಗಬಾರದು?

ಬರೆದು ಡಾಕ್ಟರ ಹತ್ತಿರ ಒಯ್ಯಿರಿ:
1. ನನ್ನ ಎಲುಬು ಮುರಿಯುವ ಅಪಾಯ ಎಷ್ಟು?
2. ಗುಳಿಗೆಯಿಂದ ಅದು ಎಷ್ಟು ಕಡಿಮೆ ಆದೀತು?
3. ಯಾವ ತೊಂದರೆ ಬಂದರೆ ಕೂಡಲೇ ಬರಬೇಕು?
4. ಎಷ್ಟು ವರ್ಷ ತಗೊಳ್ಳಬೇಕು?

ಕೇಳಲು ನಾಚಬೇಡಿ. ಮೈ ನಿಮ್ಮದು, ಪ್ರಶ್ನೆಯೂ ನಿಮ್ಮದು.